ಮಿಲ್ಲು ಬ್ಯಾಂಡಿನ ಮುಂದಿನ ಮೈಕು

ಮೊಳಕಾಲ್ಮೂರು
೩ ಆಗಸ್ಟ್ ೨೦೨೫

ತಿಪ್ಪೇರುದ್ರ,

ಬಸ್ಸಿನಲ್ಲಿ ಕೇಳಿದ ಹಾಡನ್ನು ಬಸ್ಸಿನಲ್ಲೇ ಬಿಟ್ಟು ಇಳಿಯಬೇಕು ಎಂದು ಹೇಳುತ್ತಿದ್ದವನು ನೀನೋ ನಮ್ಮ ಗಿಟಾರಿನ ರಾಜಣ್ಣನೋ, ಈಗ ಸರಿಯಾಗಿ ನೆನಪಿಲ್ಲ. ಯಾರು ಹೇಳಿದ್ದರೂ ನನ್ನ ಕೈಲಿ ಆಗಲಿಲ್ಲ. ಗುರುವಾರ ಕೇಳಿದ್ದು ಇನ್ನೂ ನನ್ನ ಜೊತೆಯೇ ಓಡಾಡುತ್ತಿದೆ.

ಒಂದು ಸೀರೆಯ ಅಂಚಿನ ನಕ್ಷೆ ತೋರಿಸಲು ಬಿ.ಜಿ. ಕೆರೆಗೆ ಹೋಗಿದ್ದೆ. ವಾಪಸು ಬರುವಾಗ ಡ್ರೈವರು ಏನೋ ಹಾಕಿದ್ದ. ಗಿಟಾರು, ಡ್ರಮ್ಮು, ಆಮೇಲೆ ಒಬ್ಬ ಹಾಡತೊಡಗಿದ. ಮೊದಲು ನಾನು ಗಮನಿಸಲಿಲ್ಲ. ತನ್ನ ದನಿಯನ್ನು ಯಾರು ಗಮನಿಸುತ್ತಾರೆ? 'ಕುದಾಪುರದ ಗೋಡೆ ದಾಟಿ ಕುರಿ ಹೆಂಗೆ ಹೋದಾವು' ಎಂಬ ಸಾಲಿಗೆ ಬಂದಾಗ ಕಿಟಕಿಯಿಂದ ತಲೆ ಈಚೆ ತಿರುಗಿಸಿದೆ. ನಾನು ಆ ಹಾಡನ್ನು ಹುಟ್ಟಿದ ಮೇಲೆ ಕೇಳಿಲ್ಲ. ಆದರೆ ಹಾಡುತ್ತಿದ್ದವನು ನಾನು. 'ದಾಟಿ' ಎನ್ನುವಾಗ ಉಸಿರು ಸ್ವಲ್ಪ ಮೊದಲೇ ಮುಗಿಯುತ್ತದಲ್ಲ, ನೀನು ಡ್ರಮ್ಮಿನ ಕೋಲಿನಿಂದ ನನ್ನ ಬೆನ್ನಿಗೆ ತಿವಿಯುತ್ತಿದ್ದೆಯಲ್ಲ, ಅದೂ ಸಮೇತ.

ನನ್ನ ಹಿಂದೆ ಕೂತಿದ್ದ ಹೆಂಗಸು ಕಂಡಕ್ಟರನನ್ನು ಕೇಳಿದಳು, "ಯಾರ್ದಪ್ಪ ಈ ಪದ?"

"ಚಳ್ಳಕೆರೆ ಮಿಲ್ಲು ಬ್ಯಾಂಡು ಕಣಮ್ಮ. ದೇವಸಮುದ್ರದ ಹೊನ್ನೂರಸ್ವಾಮಿ ಇದ್ನಲ್ಲ, ಸತ್ತೋದ. ಅವನ ದನಿ. ಹಳೇ ಟೇಪು ಹಾಕಿ ಮಷೀನಿಗೆ ಕಲಿಸವ್ರಂತೆ. ಈಗ ಬೇಕಾದ್ದು ಹಾಡ್ತದೆ."

"ಅಯ್ಯೋ ಶಿವನೇ! ಸತ್ತೋರ್ನೂ ದುಡಿಸ್ಕಳ್ಳಾದು ಬಿಡಂಗಿಲ್ಲ ಅನ್ನು."

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆನೋ ಏನೋ. ಇಳಿಯಬೇಕಾದ ಕಡೆ ಇಳಿಯಲಿಲ್ಲ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಬರೆದು ನೋಡಿದರೆ ನಿಜ ಅನ್ನಿಸಬಹುದು ಎಂದು. ಸ್ಟೇಜಿನ ಮೇಲೆ ಹಾಡುತ್ತಿದ್ದವನು ಹೊನ್ನೂರ. ಟೇಪಿಗೆ ಹಾಡುತ್ತಿದ್ದವನು ನಾನು. ಅವನು ಬಾಯಿ ತೆರೆದರೆ ರೆಕಾರ್ಡರಿನ ಮುಳ್ಳು ಕೆಂಪಿಗೆ ಹೊಡೆದು ಅಲ್ಲೇ ನಿಲ್ಲುತ್ತಿತ್ತು. ನಾವು ಅಭ್ಯಾಸ ಮಾಡುತ್ತಿದ್ದ ಮಿಲ್ಲಿನ ಗೇಟಿನ ಆಚೆ ನಿಲ್ಲಿಸಿ ಹಾಡಿಸಿದರೂ ಟೇಪಿನಲ್ಲಿ ಬರಿಯ ಕರಕರ. ಕೊನೆಗೆ ಅವನೇ ಬೇಸತ್ತು, 'ಲೇ, ಇದಕ್ಕೆ ನಿನ್ನಂಥ ಬಡಕಲು ಗಂಟ್ಲೇ ಸರಿ' ಎಂದು ನನ್ನನ್ನು ಕೂರಿಸಿ, ತಾನು ಪಕ್ಕದಲ್ಲಿ ಹುರಿದ ಶೇಂಗಾ ಸುಲಿದುಕೊಂಡು ಕೂತ. ಟೇಪಿನ ಮೇಲೆ ಅವನ ಹೆಸರೇ ಇತ್ತು. ಮುಂದಿನ ಮೈಕಿನಲ್ಲಿ ನಿಲ್ಲುವವನೇ ಬ್ಯಾಂಡಿನ ದನಿ ಎಂದು ನಾವೆಲ್ಲ ಒಪ್ಪಿದ್ದೆವು. ಅದರಲ್ಲಿ ಮೋಸ ಇದೆ ಎಂದು ಯಾರಿಗೂ ಹೊಳೆಯಲಿಲ್ಲ, ಹೊನ್ನೂರನಿಗಂತೂ ಇಲ್ಲವೇ ಇಲ್ಲ.

ರಾಜಣ್ಣ ಕೊರೊನಾದಲ್ಲಿ ಹೋದ. ಇದು ಗೊತ್ತಿರುವವರು ಈಗ ನೀನು, ನಾನು. ನಿನಗೆ ಕಿವಿ ಕೇಳಿಸುವುದಿಲ್ಲ ಎಂಬುದು ಇವತ್ತಿನಷ್ಟು ನನ್ನನ್ನು ಯಾವತ್ತೂ ಕಾಡಿರಲಿಲ್ಲ. ಆ ಟೇಪುಗಳು ಈಗಿನ ಬ್ಯಾಂಡಿನವರ ಕೈಗೆ ಹೇಗೆ ಬಂದವು?

ಮಾರುತೇಶ


ಚಳ್ಳಕೆರೆ
೧೧ ಆಗಸ್ಟ್

ಲೇ ಮಾರುತೇಶ,

ನಿನ್ ಕಾಗ್ದ ಓದಿ ಗಿರಣಿ ಬಂದ್ ಮಾಡಿ ಕೂತ್ಕಂಡೆ. ಜ್ವಾಳ ತಂದೋರು ಬಯ್ಕಂಡು ಹೋದ್ರು. ಬಯ್ದದ್ದು ಬಾಯಿ ನೋಡಿ ತಿಳೀತು. ಕಿವಿ ಹೋದ್ಮ್ಯಾಲೆ ಬೈಗಳ ಮಾತ್ರ ಚೆನ್ನಾಗಿ ತಿಳಿತೈತೆ.

ಟೇಪು ಕೊಟ್ಟೋನು ನಾನೇ ಕಣಲೇ. ಆದ್ರೆ ಬ್ಯಾಂಡಿಗಲ್ಲ. ಹೊನ್ನೂರ ಬೈಕಿನಾಗೆ ಬಿದ್ದು ಸತ್ತ ವರ್ಷ, ಹನ್ನೊಂದನೇ ದಿನ ಊಟಕ್ಕೆ ಹೋಗಿದ್ದೆ. ನೀನು ಜ್ವರ ಅಂತ ಬಂದಿರ್ಲಿಲ್ಲ. ಅವರವ್ವ ಮಂಜಮ್ಮ ಎಲೆ ಮುಂದೆ ಬಂದು ಕೂತ್ಲು. "ಊರ್ ಮಂದಿಗೆಲ್ಲ ನನ್ ಮಗನ ದನಿ ಕೇಳ್ಸಿದ್ರಿ. ನಂಗೆ ಮನ್ಯಾಗೆ ಇಟ್ಕಳ್ಳಾಕೆ ಏನಾರ ಕೊಡ್ರಪ್ಪ" ಅಂದ್ಲು. ಏನ್ ಕೊಡ್ಲಿ? ಸ್ಟೇಜಿನ ಮ್ಯಾಲೆ ಹಾಡಿದ್ದು ಗಾಳಿಗೆ ಹೋತು. ಮೊಬೈಲ್‌ನಾಗೆ ಹಿಡಿದೋರ್ದೂ ಅದೇ ಕರಕರ. ಟೇಪು ಕೊಟ್ಟೆ. ಅದ್ರ ಮ್ಯಾಲೆ ಅವನ ಹೆಸರು ಇತ್ತು. ಅವ್ವ ಓದಾಕೆ ಬಾರ್ದೋಳು, ಆ ಹೆಸರಿನ ಮ್ಯಾಲೆ ಬೆರಳಾಡಿಸಿದ್ಲು. ನಾನು ಬಾಯಿ ಬಿಡ್ಲಿಲ್ಲ. ನೀನಾಗಿದ್ರೂ ಬಿಡ್ತಿರ್ಲಿಲ್ಲ.

ಈಗ ಆಶಾ ಅಂತ ಗಿಟಾರಿನ ಹುಡುಗಿ, ಬಿ.ಜಿ. ಕೆರೆಯೋಳು, ಬ್ಯಾಂಡ್ ನಡೆಸೋಳು ಅವಳೇ, ಮಂಜಮ್ಮನ ಹತ್ರ ಹೋಗಿ ಅವೇ ಟೇಪು ಇಸ್ಕಂಡು ಬಂದವ್ಳೆ. ಮಷೀನು ಹಾಡ್ದಾಗ ನಂಗೂ ಕರ್ದಿದ್ರು. ನಾನು ಸ್ಪೀಕರಿನ ಮ್ಯಾಲೆ ಅಂಗೈ ಇಟ್ಟು "ಭೇಷ್" ಅಂದೆ. ಇನ್ನೇನ್ ಅನ್ಲಿ?

ಇನ್ನೊಂದ್ ಮಾತು. ಮಂಜಮ್ಮ ಮೊನ್ನೆ ಗಿರಣಿ ತಾವ ಬಂದಿದ್ಲು. ಒಬ್ಳೇ, ಬಸ್ಸಿನಾಗೆ. ಪಕ್ಕದ ಅಂಗಡಿಯೋನ ಕೈಲಿ ಚೀಟಿ ಬರೆಸಿ ನನ್ ಮುಂದೆ ಹಿಡಿದ್ಲು: "ನನ್ನ ಮಗನನ್ನು ಎಲ್ಲಿ ಇಟ್ಟಿದ್ದೀರಿ?"

ನೀ ಏನೂ ಮಾಡ್ಬ್ಯಾಡ. ಬರೀಬ್ಯಾಡ, ಹೇಳ್ಬ್ಯಾಡ. ಇದು ತಾನಾಗೇ ತಣ್ಣಗಾಗ್ತೈತೆ.

ತಿಪ್ಪ


ಚಳ್ಳಕೆರೆ
೨೪ ಆಗಸ್ಟ್ ೨೦೨೫

ಮಾರುತೇಶ್ ಸರ್ ಅವರಿಗೆ ನಮಸ್ಕಾರ.

ನೀವು ಫೋನ್ ಎತ್ತಲಿಲ್ಲ. ಕಾಗದ ಬರೆದರೆ ನಿಮ್ಮಿಂದ ಉತ್ತರ ಬರುತ್ತದೆ ಎಂದು ತಿಪ್ಪೇರುದ್ರಣ್ಣ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ನನಗೆ ಕಾಗದ ಬರೆದು ಅಭ್ಯಾಸ ಇಲ್ಲ, ತಪ್ಪಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ನಾನು ಆಶಾ. ನೀವು ನನ್ನನ್ನು ನೋಡಿಲ್ಲ, ಆದರೆ ನಾನು ನಿಮ್ಮ ಮನೆಯವಳೇ ಅಂದುಕೊಂಡಿದ್ದೇನೆ. ನೀವು ಬೇಸ್ ಗಿಟಾರನ್ನು ಯತ್ತಪ್ಪಣ್ಣನಿಗೆ ಕಲಿಸಿ ಬ್ಯಾಂಡು ಬಿಟ್ಟಿರಿ. ಅವರು ಅದನ್ನು ಪ್ರೇಮಲತಾಗೆ ಕಲಿಸಿ ಹುಬ್ಬಳ್ಳಿಗೆ ಹೋದರು. ರಾಜಣ್ಣ ಸರ್ ನನ್ನನ್ನು ಎದುರಿಗೆ ಕೂರಿಸಿಕೊಂಡು ಪ್ರತಿಯೊಂದು ಹಾಡೂ ಕಲಿಸಿದರು. ತಿಪ್ಪೇರುದ್ರಣ್ಣ ಕಿವಿ ಪೂರ್ತಿ ಹೋಗುವ ಮೊದಲು ಜೋಗಪ್ಪನಿಗೆ ಡ್ರಮ್ಮು ಒಪ್ಪಿಸಿದರು. 'ಬಿಡೋನು ಕಲಿಸಿ ಬಿಡಬೇಕು, ಹಳಬ ಕೇಳಿ ತಲೆ ಆಡಿಸಬೇಕು' ಎಂಬ ನಿಯಮವನ್ನು ರಾಜಣ್ಣ ಸರ್ ತಮ್ಮೂರ ಭಜನೆ ಮೇಳದಿಂದ ತಂದರಂತೆ. ನಾವು ಇವತ್ತಿಗೂ ಮುರಿದಿಲ್ಲ ಸರ್.

ಹೊನ್ನೂರಸ್ವಾಮಿ ಅವರು ಒಬ್ಬರೇ ಕಲಿಸದೆ ಹೋದವರು. ಅದಕ್ಕೇ ಇಷ್ಟು ವರ್ಷ ಮುಂದಿನ ಮೈಕು ಖಾಲಿ ಇಟ್ಟುಕೊಂಡೇ ಬಾರಿಸಿದ್ದೇವೆ. ನಾವೆಲ್ಲ ಬದಿಯಿಂದ ಹಾಡುತ್ತೇವೆ. ಹೊರಗಿನ ಊರುಗಳಲ್ಲಿ 'ನಿಮ್ಮ ಹಾಡುಗಾರ ಬಂದಿಲ್ವ?' ಎಂದು ಕೇಳುತ್ತಾರೆ. ಈಗ ಅವರ ಟೇಪಿನಿಂದಲೇ ಮಷೀನಿಗೆ ಕಲಿಸಿದ್ದೇವೆ. ಅವರೇ ಕಲಿಸಿದ ಹಾಗಾಯಿತಲ್ಲ ಸರ್? ನಿಯಮ ಮುರಿಯಲಿಲ್ಲ ಅಂತ ನಮ್ಮ ಲೆಕ್ಕ. ಕುದಾಪುರದ ಗೋಡೆ ಹಾಡು ನಾನು ಬರೆದದ್ದು. ಸ್ವಲ್ಪ ಭಾಗ ಮಾತ್ರ ಹೊರಗೆ ಬಿಟ್ಟಿದ್ದೇವೆ. ಹೊನ್ನೂರಸ್ವಾಮಿ ಅವರು ತೀರಿಕೊಂಡ ದಿನ, ಅಕ್ಟೋಬರಿನಲ್ಲಿ, ಇಲ್ಲೇ ಚಳ್ಳಕೆರೆಯ ಸ್ಟೇಜಿನಲ್ಲಿ ಪೂರ್ತಿ ಬಿಡಬೇಕು ಎಂದಿದ್ದೇವೆ. ಮೊದಲ ತಂಡದಲ್ಲಿ ಕಿವಿ ಇರುವವರು ನೀವೊಬ್ಬರೇ. ನೀವು ಕೇಳಿ ತಲೆ ಆಡಿಸಬೇಕು.

ಇನ್ನೊಂದು ವಿಷಯ, ಇದಕ್ಕೇ ನಾನು ನಿದ್ದೆಗೆಟ್ಟಿದ್ದೇನೆ. ಮಂಜಮ್ಮನವರಿಗೆ ಖುಷಿಯಾಗಲಿ ಎಂದು ದೇವಸಮುದ್ರಕ್ಕೆ ಹೋಗಿ ಹಾಡು ಕೇಳಿಸಿದೆ. ಅವರು ಅಳಲಿಲ್ಲ. ಫೋನು ಕಿತ್ತುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಆ ಗೋಡೆ ಕಟ್ಟಿದ್ದು ನನ್ ಮಗ ಹೋದ್ಮ್ಯಾಲೆ. ಕುರಿ ಹೊಡ್ಕಂಡು ಹೋಗಿ ಗೋಡೆ ನೋಡಿ ವಾಪಸು ಬಂದೋಳು ನಾನು. ಗೋಡೆ ಸುದ್ದಿ ಅವನಿಗೆ ಹೆಂಗ್ ಗೊತ್ತಾತು?" ಅಂದರು. ಮಷೀನು ಅಂದೆ. "ಟೇಪಿನಾಗಿರೋದು ಹಳೇ ಪದ. ಇದು ಹೊಸ ಪದ. ಸತ್ತೋನು ಹೊಸ ಪದ ಕಲಿಯಾಕ್ಕಾಗ್ತೈತೇನೇ ಹುಡುಗಿ?" ಅಂದರು. ಅವತ್ತಿನಿಂದ ಅವರು ಮಗನನ್ನು ಹುಡುಕುತ್ತಿದ್ದಾರೆ ಸರ್. ಅವತ್ತು ಬಟ್ಟೆ ಸುತ್ತಿಯೇ ಕೊಟ್ಟರು, ಮುಖ ನೋಡಲಿಲ್ಲ ಎನ್ನುತ್ತಾ ಮೊಳಕಾಲ್ಮೂರು ಆಸ್ಪತ್ರೆಗೆ ಹೋಗಿ ಕೇಳಿದ್ದಾರೆ. ಕುದಾಪುರದ ಹುಲ್ಲುಗಾವಲಿಗೆ ಗೋಡೆ ಹಾಕಿಕೊಂಡ ಕ್ಯಾಂಪಸ್ಸಿನ ಗೇಟಿಗೂ ಹೋಗಿದ್ದರಂತೆ, ಒಳಗೆ ಇಟ್ಟುಕೊಂಡಿದ್ದಾರೆ ಎಂದು.

ನೀವು ಬಂದು ಏನಾದರೂ ಹೇಳಿ.

ಇತಿ ನಿಮ್ಮ ವಿಶ್ವಾಸಿ,
ಆಶಾ


ಮೊಳಕಾಲ್ಮೂರು
೩೧ ಆಗಸ್ಟ್ ೨೦೨೫

ಆಶಾ ಅವರಿಗೆ,

ಹಾಡನ್ನು ಸದ್ಯಕ್ಕೆ ಹೊರಗಿನಿಂದ ತೆಗೆಯಿರಿ. ನಾನು ತಲೆ ಆಡಿಸಲಾರೆ. ಕಾರಣವನ್ನು ಮೊದಲು ಮಂಜಮ್ಮನಿಗೆ ಹೇಳಬೇಕು, ಆಮೇಲೆ ನಿಮಗೆ.

ಹಾಡು ಚೆನ್ನಾಗಿದೆ. 'ಗಾಳಿಗ್ಯಾವ ಗೇಟು, ಹುಲ್ಲಿಗ್ಯಾವ ಪಾಸು' ಎಂಬ ಸಾಲು ನನಗೆ ಇಷ್ಟವಾಯಿತು.

ಮಾರುತೇಶ


ಮೊಳಕಾಲ್ಮೂರು
೨೧ ಸೆಪ್ಟೆಂಬರ್ ೨೦೨೫

ತಿಪ್ಪೇರುದ್ರ,

ನಿನ್ನ ಮಾತು ಕೇಳಲಿಲ್ಲ. ದೇವಸಮುದ್ರಕ್ಕೆ ಹೋಗಿ ಬಂದೆ. ಬಂದು ಎಷ್ಟೋ ದಿನವಾಯಿತು. ನಿನಗೆ ಬರೆಯಲು ಕೂತಾಗಲೆಲ್ಲ ಎದ್ದು ನಕ್ಷೆಯ ಹಾಳೆ ತೆಗೆದುಕೊಳ್ಳುತ್ತೇನೆ. ಚೌಕದ ಹಾಳೆಯಲ್ಲಿ ಯಾವ ಮನೆ ತುಂಬಬೇಕು, ಯಾವುದು ಖಾಲಿ ಎಂಬುದಾದರೂ ಖಚಿತ.

ಮಂಜಮ್ಮ ಕುರಿ ದೊಡ್ಡಿಯ ಮುಂದೆ ಕೂತಿದ್ದಳು. ಪಕ್ಕದ ಮನೆಯ ವೀರಮ್ಮ ಹುರುಳಿ ಕೇರುತ್ತಿದ್ದಳು.

"ಎವರಪ್ಪಾ?" ಎಂದು ತನ್ನ ತೆಲುಗಿನಲ್ಲೇ ಕೇಳಿದಳು ಮಂಜಮ್ಮ.

"ಮಾರುತೇಶ, ಅವ್ವ. ಹೊನ್ನೂರನ ಜತೆ ಬಾರಿಸ್ತಿದ್ದೆ."

"ದಪ್ಪ ತಂತಿಯೋನಾ?"

"ಹೂಂ, ದಪ್ಪ ತಂತಿಯೋನು."

"ನೀನೂ ಬೋ ದಪ್ಪ ಆಗಿದೀಯಲ್ಲಪ್ಪ. ರಾ, ಕೂತ್ಕ."

ವೀರಮ್ಮ ನಕ್ಕಳು. ನಾನು ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಅದನ್ನೆಲ್ಲ ಬಿಟ್ಟು ನೇರವಾಗಿ ಹೇಳಿಬಿಟ್ಟೆ, "ಅವ್ವ, ಆ ಫೋನಿನಾಗೆ ಹಾಡೋದು ಹೊನ್ನೂರ ಅಲ್ಲ. ನನ್ನ ದನಿ ಅದು."

ಮಂಜಮ್ಮ, "ಹಾಡು ನೋಡಾನ" ಎಂದಳು.

ಟೇಪಿನಲ್ಲಿರುವ 'ಬಾಗಲು ತೆಗಿ, ಬಿಸಿಲು ಬಂದೈತೆ' ಹಾಡಿದೆ. ಬ್ಯಾಂಡು ಬಿಟ್ಟ ಮೇಲೆ ಬಾಯಿ ಬಿಟ್ಟು ಹಾಡಿದವನಲ್ಲ. ಗಂಟಲು ತುಕ್ಕು ಹಿಡಿದಿತ್ತು. ಮೊರ ನಿಂತಿತು. ಮಂಜಮ್ಮ ಕಣ್ಣು ಮುಚ್ಚಿದಳು. ಎರಡನೇ ಚರಣದಲ್ಲಿ ಕೈ ಚಾಚಿ ನನ್ನ ಗಂಟಲ ಮೇಲೆ ಇಟ್ಟಳು. ಉಣ್ಣೆ ಬಿಡಿಸಿದ ಕೈ, ಎಣ್ಣೆಜಿಡ್ಡು. ಹಾಡು ಮುಗಿದರೂ ತೆಗೆಯಲಿಲ್ಲ. ಈಗ ಬೈಯುತ್ತಾಳೆ, ಇಷ್ಟು ವರ್ಷ ಯಾರದೋ ದನಿಗೆ ನನ್ನನ್ನು ಅಳಿಸಿದಿರಿ ಎಂದು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಸಲೀಸಿತ್ತು.

ಅವಳು ಹೇಳಿದ್ದು ಇದು: "ಅವನಂಗೇ ಹಾಡ್ತೀಯಲ್ಲಪ್ಪ. ಅವನೇ ಕಲಿಸಿದ್ನಾ?"

ತಿಪ್ಪೇರುದ್ರ, ನನ್ನ ದನಿಯಲ್ಲಿ ಹಾಡಿದ್ದನ್ನು ಅವನ ದನಿಯ ನಕಲು ಎಂದು ಮೆಚ್ಚಿಕೊಂಡಳು.

"ಅಲ್ಲವ್ವ," ಎಂದೆ. "ಟೇಪಿನಾಗೂ ನಾನೇ ಹಾಡಿರೋದು. ಮೊದಲಿಂದ್ಲೂ ನಾನೇ. ಅವನ ದನಿ ಟೇಪಿಗೆ ಹಿಡೀತಿರ್ಲಿಲ್ಲ."

ಉತ್ತರ ಕೊಟ್ಟವಳು ವೀರಮ್ಮ. "ಸುಮ್ಕಿರಪ್ಪ ಸಾಕು. ಹೆತ್ತೋಳಿಗೆ ಮಗನ ದನಿ ಗೊತ್ತಾಗಂಗಿಲ್ವ? ದಿನಾ ಸಂಜೆ ಆ ಟೇಪು ಸವೆಯಾವರ್ಗೂ ಕೇಳವ್ಳೆ. ನಮ್ ಮನೆ ಎಮ್ಮೆಗೂ ಗೊತ್ತೈತೆ ಅದು ಹೊನ್ನೂರನ ದನಿ ಅಂತ."

ನನಗೆ ಆಗ ಅರ್ಥವಾದದ್ದನ್ನು ನಿನಗೆ ಹೇಗೆ ಹೇಳಲಿ? ಆ ತಾಯಿ ಕಲಿತಿರುವುದು ಟೇಪನ್ನು. ಅವಳೊಳಗೆ ಇದ್ದ ಹೊನ್ನೂರನ ದನಿಯ ಮೇಲೆ ದಿನವೂ ಸಂಜೆ ನಾನು ಹಾಡುತ್ತ ಬಂದಿದ್ದೇನೆ. ಅಲ್ಲಿ ಈಗ ಅವನಿಲ್ಲ.

ಮಂಜಮ್ಮ ಮತ್ತೆ ಕೇಳಿದಳು, ಈ ಸಲ ಕೈ ಸ್ವಲ್ಪ ಒತ್ತಿ. "ಅವನೇ ಕಲಿಸಿದ್ನಾ? ಹೇಳು."

"ಹೂಂ" ಎಂದೆ.

"ಹಂಗನ್ನು ಮತ್ತೆ. ನೀನು ಹಾಡಿದ್ದಾ ಗೋಡೆ ಪದ! ಕಲಿಸಿ ಹೋಗವ್ನೆ. ನಂಗೆ ಒಂದ್ ಮಾತು ಹೇಳ್ಲಿಲ್ಲ ನೋಡು, ಕಳ್ಳ ನನ್ ಮಗ." ಆಮೇಲೆ ಕೈ ತೆಗೆದು, ಸೆರಗಿಗೆ ಒರೆಸಿಕೊಂಡು, ಯಾರಿಗೂ ಅಲ್ಲದಂತೆ, "ಹಂಗಾರೆ ಸತ್ತಿರಾದು ದಿಟವೇ" ಎಂದಳು. ಅತ್ತಳು. ವೀರಮ್ಮ ಮೊರ ಕೆಳಗಿಟ್ಟು ಅವಳನ್ನು ಹಿಡಿದುಕೊಂಡಳು. ನನಗೆ ಕಣ್ಸನ್ನೆ ಮಾಡಿದಳು, ಹೋಗು ಎಂದು.

ಹುಡುಕಾಟ ನಿಂತಿತು. ಅದಕ್ಕಾಗಿಯೇ ನಾನು ಹೋಗಿದ್ದು. ಆದರೆ ನಿಜ ಹೇಳಿ ನಿಲ್ಲಿಸಿದೆನೋ ಸುಳ್ಳು ಹೇಳಿಯೋ, ಗೊತ್ತಾಗುತ್ತಿಲ್ಲ.

ಮಾರುತೇಶ


ಚಳ್ಳಕೆರೆ
೫ ಅಕ್ಟೋಬರ್

ಲೇ ದಪ್ಪ ತಂತಿ,

ನೀ ಸುಮ್ನೆ 'ಹೂಂ' ಅಂದು ಬಂದೆ. ಅವ್ವ ಸುಮ್ನೆ ಕೂರೋಳಲ್ಲ. ಮಾರನೇ ವಾರಾನೇ ಬಂದು ಆಶಾನ ಮುಂದೆ ನಿಂತ್ಲು. "ನನ್ ಮಗ ಕಲಿಸ್ದೆ ಹೋದ ಅಂತ ಇಷ್ಟು ವರ್ಸ ಆಡ್ಕಂಡ್ರಲ್ಲ. ಕಲಿಸವ್ನೆ. ಮೊಳಕಾಲ್ಮೂರಾಗೆ ಅವ್ನೆ ಆ ಮನುಷ್ಯ. ಕರ್ಕಂಡ್ ಬಂದು ನಿಲ್ಲಿಸ್ರಿ. ಆ ಡಬ್ಬೀನ ಎತ್ತಿ ಕಡೆಗಿಡ್ರಿ" ಅಂದ್ಲಂತೆ. ಆಶಾ ಓಡಿ ನನ್ ತಾವ ಬಂದ್ಲು. ಮುಚ್ಚಿಡಾಕೆ ಆಗ್ಲಿಲ್ಲ ಕಣಲೇ. ಎಲ್ಲಾ ಹೇಳಿದೆ, ಟೇಪಿಂದು, ಮುಳ್ಳಿಂದು, ಶೇಂಗಾದ್ದು.

ಆ ಹುಡುಗಿ ಹಿಟ್ಟಿನ ಧೂಳಿನಾಗೆ ಹಂಗೇ ಕೂತ್ಲು. ಆಮ್ಯಾಕೆ ಫೋನಿನಾಗೆ ಬರ್ದು ತೋರಿಸಿದ್ಲು: "ಹಂಗಾದ್ರೆ ಹೊನ್ನೂರಸ್ವಾಮಿ ಅವರ ದನಿ ಎಲ್ಲೈತಣ್ಣ?"

ನನ್ ಕಡೆ ಇರೋದು ಇಷ್ಟೇ. ಅವನು ಮುಂದೆ ನಿಂತು ಕೂಗಿದ್ರೆ, ನಾನು ಕೋಲು ಎತ್ತಿ ಹಿಡ್ದಿದ್ರೂ, ಸ್ನೇರ್ ಡ್ರಮ್ಮಿನ ಅಡಿ ತಂತಿ ತಾನಾಗೇ ಜರಜರ ಅಂತಿತ್ತು. ನಾನು ಅದ್ನೇ ಬರ್ದು ತೋರಿಸಿದೆ. ಅದು ದನಿ ಅಲ್ಲ, ದನಿ ತಗಲಿದ ಜಾಗ. ನಂಗೆ ಅದೇ ಗ್ಯಾಪಕ. ಅವನ ದನಿ ಎಂಗಿತ್ತು ಅಂತ ಕೇಳಿದ್ರೆ, ಕಿವಿ ಇದ್ದಾಗ ಕೇಳಿದ್ದೂ ಗ್ಯಾಪಕ ಇಲ್ಲ.

ಮಷೀನು ತೆಗೆದವ್ರೆ. ಜೋಗಪ್ಪ, ಪ್ರೇಮಲತಾ ಎಲ್ರಿಗೂ ಗೊತ್ತು ಈಗ. ಊರಿಗೆ ಗೊತ್ತಿಲ್ಲ. ಹತ್ತೊಂಬತ್ತನೇ ತಾರೀಕು ನೀನು ಮುಂದಿನ ಮೈಕಿನಾಗೆ ನಿಲ್ಲಬೇಕಂತೆ. ಮಂಜಮ್ಮ ಮುಂದಿನ ಸಾಲಿನಾಗೆ ಕೂತ್ಕಂತಾಳಂತೆ. ತಲೆ ಆಡಿಸೋಳು ಅವಳೇ. ಹೊನ್ನೂರನ ಕಡೆಯಿಂದ.

ಬರಾಂಗಿಲ್ಲ ಅಂದ್ರೆ ಅವಳಿಗೆ ನೀನೇ ಬಂದು ಹೇಳು. ನಂಗೆ ಕಿವಿ ಕೇಳಂಗಿಲ್ಲ.

ತಿಪ್ಪ


ಮೊಳಕಾಲ್ಮೂರು
೧೮ ಅಕ್ಟೋಬರ್ ೨೦೨೫

ಹೊನ್ನೂರ,

ಇದನ್ನು ಯಾವ ವಿಳಾಸಕ್ಕೆ ಹಾಕಬೇಕೆಂದು ಗೊತ್ತಿಲ್ಲ. ಆದರೂ ಊರು, ತಾರೀಕು ಬರೆದಿದ್ದೇನೆ, ಅಭ್ಯಾಸ.

ನಾಳೆ ಬೆಳಿಗ್ಗೆ ಚಳ್ಳಕೆರೆ ಬಸ್ಸು. ಹೋಗುತ್ತೇನೆ. ಹೋಗದಿದ್ದರೆ ನಿನ್ನ ಅವ್ವ ಮತ್ತೆ ಗೇಟಿನಿಂದ ಗೇಟಿಗೆ ಹುಡುಕಿಕೊಂಡು ಹೊರಡುತ್ತಾಳೆ. ಹೋದರೆ ನೀನು ಪೂರ್ತಿ ಮುಗಿಯುತ್ತೀಯ. ನಾನು ನಿನ್ನ ಜಾಗದಲ್ಲಿ ನಿಲ್ಲುತ್ತೇನೆ, ಜನ ಕಣ್ಣು ಮುಚ್ಚಿ 'ಥೇಟ್ ಹೊನ್ನೂರಸ್ವಾಮಿ' ಎನ್ನುತ್ತಾರೆ, ಅಲ್ಲಿಗೆ ಆಯಿತು. ನಿನ್ನ ದನಿ ಎಲ್ಲಿದೆ ಎಂದು ಆಶಾ ಕೇಳಿದ ಪ್ರಶ್ನೆಯನ್ನು ಆಮೇಲೆ ಯಾರೂ ಕೇಳುವುದಿಲ್ಲ.

ಈ ಕೆಲವು ದಿನಗಳಿಂದ ನಾನು ಮಾಡುತ್ತಿರುವುದು ಒಂದೇ ಕೆಲಸ. ನಿನ್ನನ್ನು ಕೇಳಿಸಿಕೊಳ್ಳಲು ನೋಡುತ್ತೇನೆ. ನಿನ್ನ ಮುಖ ಬರುತ್ತದೆ, ಕುತ್ತಿಗೆಯ ನರ ಉಬ್ಬುವುದು ಬರುತ್ತದೆ, ಮೈಕಿನಿಂದ ಒಂದು ಮಾರು ಹಿಂದೆ ನಿಂತು ಎಡಗೈಯನ್ನು ಕಿವಿಗೆ ಒತ್ತಿಕೊಳ್ಳುವುದು ಬರುತ್ತದೆ. ನೀನು ಬಾಯಿ ತೆರೆಯುತ್ತೀಯ. ಒಳಗಿನಿಂದ ನಾನು ಹಾಡುತ್ತೇನೆ. ಪ್ರತಿ ಸಲವೂ ಹೀಗೇ. ಮೊನ್ನೆ ಮಗ್ಗದ ಸದ್ದಿನ ನಡುವೆ ಇದ್ದಕ್ಕಿದ್ದಂತೆ ಸಿಕ್ಕಿತು ಎನ್ನಿಸಿ ಎದ್ದು ನಿಂತೆ. ಅದೂ ನಾನೇ. ನಿನ್ನ ಬೆನ್ನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಹತ್ತು ವರ್ಷ ನಿಂತವನು ನಾನು. ಟೇಪು ಕೇಳಿದವಳು ನಿನ್ನ ಅವ್ವ, ನಾನಲ್ಲ. ನನಗೆ ಹೇಗೆ ಹೀಗಾಯಿತು?

ಆಶಾ ನಾಳೆಯ ಹಾಡುಗಳನ್ನು ಕಳಿಸಿದ್ದಾಳೆ. ಗೋಡೆಯ ಹಾಡಿನ ಚಿಂತೆಯಿಲ್ಲ, ಅದನ್ನು ನಾನು ನನ್ನದಾಗಿಯೇ ಹಾಡುತ್ತೇನೆ. ಮೊದಲನೆಯದು 'ಬಾಗಲು ತೆಗಿ'. ಅದರ ಮೂರನೇ ಸಾಲಿನ ಕೊನೆಯಲ್ಲಿ ನಾನು ಟೇಪಿಗೆ ದನಿ ಇಳಿಸಿದ್ದೇನೆ. ಮುಳ್ಳು ಕೆಂಪಿಗೆ ಹೋಗದಿರಲಿ ಎಂದು ಇಳಿಸಿದ್ದು, ಅದು ನನಗೆ ಚೆನ್ನಾಗಿ ನೆನಪಿದೆ. ಸ್ಟೇಜಿನ ಮೇಲೆ ಹಾಗಿರಲಿಲ್ಲ. ಅಲ್ಲಿ ನೀನು ಬೇರೆ ಏನೋ ಮಾಡುತ್ತಿದ್ದೆ, ಜನ ಎದ್ದು ನಿಲ್ಲುತ್ತಿದ್ದರು. ಒಂದು ಸಾಲನ್ನಾದರೂ ನಾಳೆ ನಿನ್ನ ಹಾಗೆ ಹಾಡಬೇಕು ಎಂದುಕೊಂಡಿದ್ದೇನೆ. ಒಂದೇ ಸಾಲು. ಯಾರಿಗೂ ಗೊತ್ತಾಗುವುದಿಲ್ಲ, ನಿನ್ನ ಅವ್ವನಿಗೂ. ತಪ್ಪಾಗಿ ಹಾಡಿದ ಎಂದೇ ಎಲ್ಲರೂ ಅಂದುಕೊಳ್ಳಬಹುದು.

ಹೊನ್ನೂರ, ಆ ಸಾಲಿನ ಕೊನೆಗೆ ನೀನು ದನಿ ಏರಿಸುತ್ತಿದ್ದೆಯೋ, ಸುಮ್ಮನೆ ನಿಂತುಬಿಡುತ್ತಿದ್ದೆಯೋ?